ಕ್ಯಾಮ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೇ ಹೋಗಿ, ಅಲ್ಲೊಬ್ಬ ಜ್ಯೋತಿಷಿ, ಒಬ್ಬ ಷೇರು ಪಂಡಿತ, ಒಬ್ಬ ಕ್ಯಾಮ್ ರಾಯರು ಇದ್ದೇ ಇರುತ್ತಾರೆ. ಮೊದಲಿಬ್ಬರನ್ನು ನಾವು ಹುಡುಕಿಕೊಂಡು ಹೋಗಬೇಕು. ಮೂರನೆಯವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ಹೊಟ್ಟೆಪಾಡು ಸಾಫ್ಟ್‌ವೇರು, ಜೀವವೆಲ್ಲ ಮನೆ ಮುಂದೆ ಕವರ್ ಹೊದ್ದು ನಿಂತಿರುವ ಹಳೇ ಮಾರುತಿ ಎಸ್ಟೀಮಿನಲ್ಲಿ. ಅದು 1298 ಸಿಸಿ, 16 ವಾಲ್ವು, 85 ಅಶ್ವಶಕ್ತಿಯ ಬಂಡಿ. ‘ಆ ಕಾರು ಬರೋದು 2007ಕ್ಕೇ ನಿಂತೋಯ್ತಲ್ಲ ರಾಯರೇ’ ಅಂದರೆ, ‘ಅವರು ನಿಲ್ಲಿಸಿದರು, ನಾನು ನಿಲ್ಲಿಸಿಲ್ಲ’ ಅನ್ನುತ್ತಾರೆ. ಮಾತಿನ ಮಟ್ಟಿಗೆ ಅದು ಸತ್ಯ.

ಈಚೆಗೆ ರಾಯರು ಎಂಜಿನ್ನಿನ ವಾಲ್ವು ತೆರೆಯುವ ಹೈ ಲಿಫ್ಟ್ ಕ್ಯಾಮ್ ತರಿಸಿದ್ದಾರೆ. ಮೊಬೈಲಿನಲ್ಲಿ ಮಗಳ ನಾಮಕರಣದ ಫೋಟೊ ಹುಡುಕಿ ತೆಗೆಯಬೇಕು. ಕ್ಯಾಮಿನದು ಮುಟ್ಟಿದ ಕೂಡಲೇ ಬರುತ್ತದೆ. ‘ಕಂಪನಿ ಕ್ಯಾಮಿಗಿಂತ ಎರಡು ಮಿಲಿಮೀಟರ್ ಜಾಸ್ತಿ ಲಿಫ್ಟು! ವಾಲ್ವು ಪೂರ್ತಿ ಹತ್ತು ಮಿಲಿಮೀಟರ್ ತೆರೆಯುತ್ತೆ. ಗಾಳಿ ಹೇಗೆ ನುಗ್ಗುತ್ತೆ ಗೊತ್ತಾ?’ ಎಂದು ಎದುರಿಗಿದ್ದವರ ಮುಖಕ್ಕೇ ಕೈ ಬೀಸಿ ತೋರಿಸುತ್ತಾರೆ. ತೆರೆದ ವಾಲ್ವು ಮುಚ್ಚಬೇಕಲ್ಲ, ಅದು ಯಾರ ಕೆಲಸ ಎಂದು ಕೇಳಿದರೆ ಅಷ್ಟು ಉತ್ಸಾಹವಿಲ್ಲ. ಕ್ಯಾಮು ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ರಾಯರು ಹುಟ್ಟಾ ಕ್ಯಾಮ್ ಪಕ್ಷದವರು. ಅವರು ತೆಗೆದ ಮಾತನ್ನೂ ಬೇರೆಯವರೇ ಮುಚ್ಚಬೇಕು.

ಆ ಕ್ಯಾಮ್ ಕೂರಿಸಲು ಎಂಜಿನ್ನಿನ ಹೆಡ್ ಬಿಚ್ಚಿದ ಗ್ಯಾರೇಜಿನ ಮೇಸ್ತ್ರಿ, ‘ಸಾರ್, ಸ್ಪ್ರಿಂಗೂ ಬದಲಾಯಿಸ್ಬೇಕು’ ಅಂದಾಗ ರಾಯರಿಗೆ ಸಿಟ್ಟೇ ಬಂತು. ‘ರೀ ಮೇಸ್ತ್ರಿ, 1955ರಲ್ಲಿ ಫಾಂಜಿಯೊ ವರ್ಲ್ಡ್ ಚಾಂಪಿಯನ್ ಆದ ಮರ್ಸಿಡಿಸ್‌ನಲ್ಲಿ ವಾಲ್ವ್ ಸ್ಪ್ರಿಂಗೇ ಇರಲಿಲ್ಲ. ತೆರೆಯೋಕೂ ಕ್ಯಾಮು, ಮುಚ್ಚೋಕೂ ಕ್ಯಾಮು! 1986ರಲ್ಲಿ ರೆನೋದವರು ಫಾರ್ಮುಲಾ ಒನ್‌ಗೆ ಸ್ಪ್ರಿಂಗ್ ಬದಲು ಗಾಳಿಯ ಒತ್ತಡಾನೇ ತಂದರು.’

ಮೇಸ್ತ್ರಿ ಬೀಡಿ ಆರಿಸಿ, ‘ಆ ಕಾರು ತನ್ನಿ ಸಾರ್, ಸ್ಪ್ರಿಂಗ್ ಕೇಳಲ್ಲ’ ಅಂದ.

ಆಮೇಲೆ ಹಳೇ ಸ್ಪ್ರಿಂಗೊಂದನ್ನು ವೈಸಿಗೆ ಕೊಟ್ಟು, ಸುರುಳಿಗೆ ಸುರುಳಿ ತಾಗುವ ತನಕ ಬಿಗಿಮಾಡಿ, ವರ್ನಿಯರ್ ಹಿಡಿದ. 26.5 ಮಿಲಿಮೀಟರ್. ಹೆಡ್ಡಿನಲ್ಲಿ ವಾಲ್ವು ಮುಚ್ಚಿ ಕೂತಾಗ ಅದೇ ಸ್ಪ್ರಿಂಗಿನ ಎತ್ತರ 36. ‘36ರಲ್ಲಿ ನಿಮ್ಮ ಹತ್ತು ಕಳೀರಿ ಸಾರ್.’ ಇಪ್ಪತ್ತಾರು, ಅಂದರು ರಾಯರು. ‘ಸ್ಪ್ರಿಂಗು ಇಪ್ಪತ್ತಾರೂವರೆಗೇ ಕಲ್ಲಾಗುತ್ತೆ. ಕ್ಯಾಮು ಇನ್ನೂ ಇಳಿ, ಇಳಿ ಅನ್ನುತ್ತೆ. ಆ ಅರ್ಧ ಮಿಲಿಮೀಟರ್ ನಾನೆಲ್ಲಿಂದ ತರ್ಲಿ? ಕ್ಯಾಮಾದರೂ ಸವೀಬೇಕು, ವಾಲ್ವನ್ನು ಒತ್ತೋ ರಾಕರಾದರೂ ಮುರೀಬೇಕು.’ ಮುಟ್ಟದೆ ನಿಂತರೂ ಸಾಲದು, ಪೂರ್ತಿ ತೆರೆದಾಗಲೂ ಒಂದು, ಒಂದೂವರೆ ಮಿಲಿಮೀಟರ್ ಉಸಿರಾಡಲು ಜಾಗ ಉಳಿದಿರಬೇಕು ಎಂದೂ ಸೇರಿಸಿದ.

ಇಂಥವರಿಗೆ ಬುದ್ಧಿ ಬರುವುದು ತಡ. ಬಂದರೆ ಅಳತೆ ಮೀರಿ ಬರುತ್ತದೆ. ಸ್ಪ್ರಿಂಗೇ ಬೇಡ ಎಂದಿದ್ದವರು ಜೆ.ಸಿ. ರಸ್ತೆಗೆ ಹೋಗಿ ಇಡೀ ಬೀದಿಯಲ್ಲೇ ಗಟ್ಟಿಯಾದ ಸ್ಪ್ರಿಂಗ್ ಹೊತ್ತು ತಂದರು. ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗು, ಮೇಲೆ ಅವನ್ನು ಹಿಡಿದಿಡುವ ನೀಲಿ ಮಿಂಚಿನ ಟೈಟಾನಿಯಂ ರಿಟೇನರು. ಹೆಬ್ಬೆರಳಲ್ಲಿ ಒತ್ತಿ ನೋಡಿ, ಅದು ಅಲುಗದ್ದಕ್ಕೆ ಹಿಗ್ಗಿದರು. ‘ವಾಲ್ವ್ ಮುಚ್ಚಿದಾಗ 45 ಕೆ.ಜಿ., ಪೂರ್ತಿ ತೆರೆದಾಗ 115! ಇನ್ನು ಫ್ಲೋಟ್ ಆಗೋ ಮಾತೇ ಇಲ್ಲ.’

ಫ್ಲೋಟ್ ಎನ್ನುವ ಭಯ ಸುಳ್ಳಲ್ಲ. ಎಂಜಿನ್ ಎರಡು ಸುತ್ತು ಸುತ್ತಿದರೆ ಕ್ಯಾಮು ಒಂದು ಸುತ್ತು. ಏಳೂವರೆ ಸಾವಿರ ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 62 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗು ಸೊರಗಿದ್ದರೆ ರಾಕರು ಕ್ಯಾಮನ್ನು ಬಿಟ್ಟು ಹಾರುತ್ತದೆ, ವಾಲ್ವು ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ, ಸೇರಿದರೂ ಸೀಟಿನ ಮೇಲೆ ಕುಪ್ಪಳಿಸುತ್ತದೆ. ದುರದೃಷ್ಟಕ್ಕೆ ಕೆಳಗಿನಿಂದ ಪಿಸ್ಟನ್ ಬಂದು ಹಾಯ್ದರೆ ಎಂಜಿನ್ನಿನ ಕಥೆ ಮುಗಿಯಿತು. ಹಾಗೆಂದು ಗಟ್ಟಿ ಇದ್ದಷ್ಟೂ ಒಳ್ಳೆಯದೇ? ‘ಆ 115 ಕೆ.ಜಿ.ನ ಒತ್ತೋದು ಯಾರು ಸಾರ್? ನಿಮ್ಮ ಅದೇ ಬೆಲ್ಟು, ಅದೇ ರಾಕರು, ನೀವು ಮುತ್ತಿಡೋ ಅದೇ ಕ್ಯಾಮು. ಲೋಬಿನ ಮೂತಿ ಸವೆದು ಹತ್ತು ಮಿಲಿಮೀಟರ್ ಲಿಫ್ಟು ಒಂಬತ್ತಾದರೆ ನನ್ನ ಬಯ್ಯಬೇಡಿ’ ಅಂದ ಮೇಸ್ತ್ರಿ. ಬೇಕಾದ್ದಕ್ಕಿಂತ ಹೆಚ್ಚಿನ ಒತ್ತಡವೆಂದರೆ ಹೆಚ್ಚಿನ ಉಜ್ಜಾಟ, ಹೆಚ್ಚಿನ ಬಿಸಿ.

ಕಡೆಗೆ ಮೇಸ್ತ್ರಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದ. ‘ಎಷ್ಟು ಆರ್‌ಪಿಎಂಗೆ ಓಡಿಸ್ತೀರಿ?’

‘ಎಂಟು ಸಾವಿರ!’

‘ಎಲ್ಲಿ?’

ರಾಯರು ಕೆ-1000 ರ್‍ಯಾಲಿಯ ಹೆಸರು ಹೇಳಿದರು. ಮುಂದಿನ ವರ್ಷ ಖಂಡಿತ ಎಂದರು. ಸದ್ಯಕ್ಕೆ ಎಲ್ಲಿ ಎಂದಾಗ, ಮನೆಯಿಂದ ಆಫೀಸಿಗೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ ಹಾದು. ಅಲ್ಲಿ ಎಂಟು ಸಾವಿರ ಆರ್‌ಪಿಎಂ ಕಾಣಬೇಕಾದರೆ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ತುಳಿಯಬೇಕು. ಅದನ್ನೂ ಅವರು ಮಾಡುವುದುಂಟು. ಐಡ್ಲಿಂಗಿನಲ್ಲಿ ಕಾರು ಕುಂಟುತ್ತ ‘ಗುಡು… ಗುಡು’ ಎಂದಾಗ ಪಕ್ಕದ ಆಟೋದವನು ತಿರುಗಿ ನೋಡುತ್ತಾನೆ. ರಾಯರ ಎದೆ ಉಬ್ಬುತ್ತದೆ. ‘ಸಾರ್, ಒಂದು ಪ್ಲಗ್ ಹೋಗಿದೆ, ನೋಡ್ಕೊಳ್ಳಿ’ ಎಂದು ಆಟೋದವನು ಕಾಳಜಿಯಿಂದ ಹೇಳಿ ಹೋಗುತ್ತಾನೆ.

ಕೊನೆಗೆ ಮೇಸ್ತ್ರಿಯೇ ಆರಿಸಿದ. ಒಂಟಿ ಸ್ಪ್ರಿಂಗು, ಮುಚ್ಚಿದಾಗ 25 ಕೆ.ಜಿ., ಮಿಲಿಮೀಟರಿಗೆ ನಾಲ್ಕರಂತೆ ಏರಿ ಹತ್ತು ತೆರೆದಾಗ 65. ಪೂರ್ತಿ ಒತ್ತಿದರೆ 24.7. ಅಂದರೆ 1.3 ಮಿಲಿಮೀಟರ್ ಕೈಯಲ್ಲಿ ಉಳಿಯಿತು. 16 ಗೂಡುಗಳನ್ನೂ ಒಂದೊಂದಾಗಿ ಅಳೆದು, ಹೆಡ್ಡಿನ ಅಂಚಿನಲ್ಲಿ ಚಾಕ್‌ಪೀಸಿನಿಂದ ಅಂಕಿ ಬರೆದು, ಎಲ್ಲಿ 36.4 ಬಂತೋ ಅಲ್ಲಿ ಸ್ಪ್ರಿಂಗಿನ ಬುಡಕ್ಕೆ 0.4ರ ಶಿಮ್ ಕೊಟ್ಟ. ವಾಲ್ವು ಪೂರ್ತಿ ಕೆಳಗಿಳಿದಾಗ ರಿಟೇನರು ಆಯಿಲ್ ಸೀಲನ್ನು ಕುಟ್ಟುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಪಿಸ್ಟನ್ ತಲೆಗೆ ಮಕ್ಕಳು ಆಡುವ ಜೇಡಿ ಮೆತ್ತಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವಿನ ಗುರುತು ಬಿದ್ದ ಕಡೆ ಜೇಡಿಯ ದಪ್ಪ ಎಷ್ಟು ಉಳಿದಿದೆ ಎಂದು ನೋಡಿದ. ರಾಯರು ಈ ಅವಧಿಯಲ್ಲಿ ನೀಲಿ ರಿಟೇನರಿನ ಫೋಟೊ ತೆಗೆಯುತ್ತಿದ್ದರು.

ಕಾರು ಈಗ ಚೆನ್ನಾಗಿ ಓಡುತ್ತದೆ. ರಾಯರ ದುಃಖವೂ ಅದೇ. ಸರಿಯಾದ ಸ್ಪ್ರಿಂಗು ಸದ್ದು ಮಾಡುವುದಿಲ್ಲ, ಹೊಳೆಯುವುದಿಲ್ಲ, ಬಾನೆಟ್ ಎತ್ತಿದರೂ ಕಾಣುವುದಿಲ್ಲ. ನೆಂಟರು ಬಂದರೆ ತೋರಿಸುವುದೇನನ್ನು? ಆದ್ದರಿಂದ ಮೊನ್ನೆ ಹೊಸ ಸುದ್ದಿಯೊಂದಿಗೆ ಗ್ಯಾರೇಜಿಗೆ ಬಂದರು. ಹನ್ನೊಂದು ಮಿಲಿಮೀಟರಿನ ಕ್ಯಾಮ್ ಸಿಗುತ್ತದಂತೆ. ಮೇಸ್ತ್ರಿ ಮನಸ್ಸಿನಲ್ಲೇ 36ರಲ್ಲಿ ಹನ್ನೊಂದು ಕಳೆದ, ಅದರಲ್ಲಿ 24.7 ಕಳೆದ. ಉಳಿದ ಸಂದು 0.3. ‘ತರಿಸಿ ಸಾರ್, ತರಿಸಿ’ ಅಂದ, ಬಹಳ ಮರ್ಯಾದೆಯಿಂದ.

ಇಷ್ಟೆಲ್ಲ ಹೈ ಲಿಫ್ಟಿನಲ್ಲಿ ನಮ್ಮ ಕಣ್ಣೆದುರು ನಿಜವಾಗಿ ಮೇಲೆದ್ದದ್ದು ಒಂದೇ: ಮೇಸ್ತ್ರಿಯ ಮನೆಯ ಎರಡನೇ ಮಹಡಿ. ಮೂರನೆಯದಕ್ಕೆ ಕಂಬಿ ಬಿಟ್ಟಿದ್ದಾನೆ.