ಸ್ಕೋಪ್ ಸಾಹೇಬರು

ಪೀಣ್ಯದಲ್ಲಿ ನನ್ನದೊಂದು ಪುಟ್ಟ ಲೇಥ್ ಶಾಪು. ನಾನು ಬುಷ್ ಮಾಡಿಕೊಡುವ ಕಂಪನಿಯಿಂದ ಮೊದಲು ರೇಟು ಕುಯ್ಯುವ ಪರ್ಚೇಸ್‌ನವರಷ್ಟೇ ಬರುತ್ತಿದ್ದರು. ಈಗ ಅವರ ಹಿಂದೆಯೇ ಇನ್ನೊಬ್ಬರು ಕಾರಿಳಿಯುತ್ತಾರೆ. ಲಿನನ್ ಶರ್ಟು, ಕೊರಳಲ್ಲಿ ಹಸಿರು ಟ್ಯಾಗು, ಕೈಯಲ್ಲಿ ತಾಮ್ರದ ಬಾಟಲಿ. ನಮ್ಮ ಹುಡುಗರು ಇಟ್ಟ ಹೆಸರು ಸ್ಕೋಪ್ ಸಾಹೇಬರು.

ಅವರ ಶಾಸ್ತ್ರದಲ್ಲಿ ಹೊಗೆಗೆ ಮೂರು ಗೋತ್ರ. ಸ್ವಂತ ಒಲೆಯದು ಸ್ಕೋಪ್ ಒಂದು, ಕೊಂಡ ಕರೆಂಟಿನದು ಎರಡು, ಸರಕು ಕೊಟ್ಟವರು, ಹೊತ್ತವರು, ಕೊಂಡವರು ಬಿಟ್ಟದ್ದೆಲ್ಲ ಮೂರು. ನಾನು ಮೂರನೆಯ ಗೋತ್ರದವನು. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿ 2022-23ರಿಂದ ಪರಿಸರದ ಲೆಕ್ಕವನ್ನೂ ಒಪ್ಪಿಸುವ ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಮಾಡಿತು ನೋಡಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನನಗೊಂದು ಎಕ್ಸೆಲ್ ಶೀಟು ಬಂತು. ಹನ್ನೊಂದು ಟ್ಯಾಬು.

ಕರೆಂಟು ಹೋಗಿ ಜನರೇಟರ್ ಗುಡುಗಿದರೆ ಸಾಹೇಬರ ಮುಖ ಅರಳುತ್ತದೆ. "ಲೀಟರ್ ಡೀಸೆಲ್‌ಗೆ 2.68 ಕೆಜಿ ಇಂಗಾಲದ ಡೈಆಕ್ಸೈಡ್!" ಲೀಟರ್ ಡೀಸೆಲ್ಲೇ ಒಂದು ಕೆಜಿ ತೂಗಲ್ಲವಲ್ಲ ಎಂದು ನಮ್ಮ ಟರ್ನರ್ ತಗಾದೆ ತೆಗೆದ. "ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತಪ್ಪ." ಮಾತು ಸರಿಯೇ. ಟರ್ನರ್ ಮಾತ್ರ ನನ್ನ ಕಿವಿಯಲ್ಲಿ ಉಸುರಿದ: "ಬಿಟ್ಟಿ ಗಾಳೀನೂ ತೂಕಕ್ಕೆ ಹಾಕ್ತಾರೆ ಸಾರ್. ಗುಜರಿಯವನೇ ವಾಸಿ."

ಕಾಫಿ ತರಿಸಿದೆ. ಗಿಡ ಬೆಳೆಸುವುದರಿಂದ ಲೆಕ್ಕ ಹಿಡಿದರೆ ಒಂದು ಕಪ್ಪಿಗೆ ಸುಮಾರು 130 ಲೀಟರ್ ನೀರು ಎಂದರು. ಬೈಟು ಮಾಡಿಸಿದೆ. ತಲಾ 65 ಲೀಟರ್ ಉಳಿತಾಯ ಎಂದು ಡೈರಿಯಲ್ಲಿ ಬರೆದುಕೊಂಡರು.

ಪೂರ್ತಿ ಹಳಿಯುವಂತೆಯೂ ಇಲ್ಲ. ಆ ಶೀಟು ತುಂಬಲು ಭಾನುವಾರ ಮೀಟರ್ ನೋಡಿದಾಗಲೇ ಗೊತ್ತಾಗಿದ್ದು, ಯಾರೂ ಇಲ್ಲದ ಶಾಪಿನಲ್ಲಿ ಕಂಪ್ರೆಸರ್ ಪೈಪು ಬುಸ್ಸೆಂದು ಸೋರುತ್ತಿದೆ ಎಂದು. ರಿಪೇರಿಯಾಯಿತು, ಬಿಲ್ಲೂ ಇಳಿಯಿತು. ಅದನ್ನು ಬರೆಯೋಣವೆಂದರೆ ಹನ್ನೊಂದು ಟ್ಯಾಬಿನಲ್ಲೂ ಕಾಲಂ ಇಲ್ಲ.

ನೀರಿನ ಕಾಲಂಗೆ ಬರುವ ಹೊತ್ತಿಗೆ ಸರಿಯಾಗಿ ಟ್ಯಾಂಕರ್ ಒಳಗೆ ಬಂತು. ಮೈಮೇಲೆ 6000 ಲೀಟರ್ ಎಂದು ಬರೆದಿದೆ. ವಾಲ್ವಿಗೆ ಬಿಗಿದಿದ್ದ ಸೈಕಲ್ ಟ್ಯೂಬಿನ ಸಂದಿಯಿಂದ ಧಾರೆ ಹಾರಿ ಸಾಹೇಬರ ಬೂಟು ನೆನೆಯಿತು.

"ಈ ಸೋರಿದ್ದನ್ನ ಎಲ್ಲಿ ಹಾಕಲಿ ಸಾರ್?"

ಸಾಹೇಬರು ಒಂದು ಕಾಲು ಎತ್ತಿ ನಿಂತು ಯೋಚಿಸಿದರು. "ಗೇಟಿನೊಳಗೆ ಸೋರಿದರೆ ನಿಮ್ಮ ಬೌಂಡರಿ. ಆಚೆ ಸೋರಿದರೆ ನಿಮ್ಮದಲ್ಲ."

ನಾನು ಡ್ರೈವರ್‌ಗೆ ಕೂಗಿದೆ: "ನಾಲ್ಕಡಿ ರಿವರ್ಸ್ ತಗೊಳ್ಳಪ್ಪ!"