ಸ್ಟೇಬಲ್ ಡೆಬಿಯನ್‌ನಲ್ಲಿ ಹೊಸದರ ಆಸೆ ತೀರಿಸಿಕೊಳ್ಳುವ ಕೈಪಿಡಿ

ಅರ್ಹತೆ: ತಾವು ಡೆಬಿಯನ್ ಸ್ಟೇಬಲ್ ಬಳಸುತ್ತಿರಬೇಕು; ಅದು ಹಳತಾಯಿತೆಂದು ಗೊಣಗುತ್ತಲೂ ಇರಬೇಕು. ಹೊಸ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ, ನಡುವೆ ಬರಿಯ ತಿದ್ದುಪಡಿ ಎಂಬುದನ್ನು ಮೆಚ್ಚಿಯೇ ತಾವು ಇದನ್ನು ಹಾಕಿಕೊಂಡದ್ದು. 2025ರ ಆಗಸ್ಟ್‌ನಲ್ಲಿ ಬಂದ ಟ್ರಿಕ್ಸಿ ಈಗ 6.12ರ ಕರ್ನೆಲ್ ಹಿಡಿದು ಕೂತಿದೆ. ಪಕ್ಕದ ಮೇಜಿನವರ ಪರದೆಯಲ್ಲಿ ಅದಕ್ಕಿಂತ ದೊಡ್ಡ ಅಂಕಿ ಕಂಡಿದೆ.

ಮೊದಲು, ಬೇಕೇ ಎಂದು ಕೇಳಿಕೊಳ್ಳಿ. ಹೊಸ ಲ್ಯಾಪ್‌ಟಾಪಿನ ವೈಫೈ ಹಳೆಯ ಕರ್ನೆಲ್ಲಿಗೆ ಗುರುತೇ ಸಿಗದಿದ್ದರೆ ಅದು ಕಾರಣ. ಅಂಕಿ ಕಾರಣವಲ್ಲ. (ಈ ಹಂತವನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಬರೆದಿದೆ.)

ಎಚ್ಚರಿಕೆ: ಸೋರ್ಸಸ್ ಕಡತಕ್ಕೆ ಡೆಬಿಯನ್‌ನ ಅನ್‌ಸ್ಟೇಬಲ್ ಶಾಖೆಯಾದ ಸಿಡ್ ಸೇರಿಸಬೇಡಿ. ಡೆಬಿಯನ್ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಪಾತ್ರಗಳ ಹೆಸರು. ಸಿಡ್ ಅದರಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ. ಹೆಸರಿಟ್ಟವರು ಏನನ್ನೂ ಮುಚ್ಚಿಟ್ಟಿಲ್ಲ. ಸಿಡ್‌ನಿಂದ ಪುಟ್ಟದೊಂದು ವಿಡಿಯೊ ಪ್ಲೇಯರ್ ಕರೆದಿರೆನ್ನಿ. ಅಳಿಯನನ್ನು ಊಟಕ್ಕೆ ಕರೆದರೆ ಬೀಗರ ದಂಡೇ ಬಂದಂತೆ ಅದರ ಹಿಂದೆ ಲೈಬ್ರರಿಗಳು, ಅವುಗಳ ಹಿಂದೆ ಲಿಬ್‌ಸಿ. ಇಡೀ ವ್ಯವಸ್ಥೆ ನಿಂತಿರುವುದೇ ಲಿಬ್‌ಸಿ ಮೇಲೆ. ಅದನ್ನು ಏರಿಸುವುದು ಸುಲಭ. ಇಳಿಸುವ ದಾರಿಗೆ ಡೆಬಿಯನ್ ಹೊಣೆಯಲ್ಲ.

ಸರಿಯಾದ ಬಾಗಿಲು ಬ್ಯಾಕ್‌ಪೋರ್ಟ್ಸ್. ಟೆಸ್ಟಿಂಗ್ ಶಾಖೆಯಲ್ಲಿರುವ ಹೊಸ ಪ್ಯಾಕೇಜನ್ನು ಸ್ಟೇಬಲ್‌ನ ಲೈಬ್ರರಿಗಳೊಂದಿಗೇ ಮತ್ತೆ ಕಂಪೈಲ್ ಮಾಡಿ ಇಟ್ಟಿರುವ ಜಾಗವದು. ಅದರ ಸಾಲು ಸೇರಿಸಿ, ಅಪ್‌ಡೇಟ್ ಕೊಡಿ. ಏನೂ ಆಗುವುದಿಲ್ಲ. ಗಾಬರಿ ಬೇಡ, ಆಗಬಾರದು. ಆಪ್ಟ್ ಪ್ರತಿ ಮೂಲಕ್ಕೂ ಆದ್ಯತೆಯ ಅಂಕ ಕೊಡುತ್ತದೆ: ಸ್ಟೇಬಲ್‌ಗೆ 500, ಬ್ಯಾಕ್‌ಪೋರ್ಟ್ಸ್‌ಗೆ 100. ತಾವು ಇನ್‌ಸ್ಟಾಲ್ ಆದೇಶದಲ್ಲಿ ‘ಮೈನಸ್ ಟಿ’ ಹಾಕಿ ಟ್ರಿಕ್ಸಿ-ಬ್ಯಾಕ್‌ಪೋರ್ಟ್ಸ್ ಎಂದು ಬರೆದರೆ ಆ ಒಂದು ಸಲಕ್ಕೆ ಅದು 990 ಆಗುತ್ತದೆ. ಹೀಗೆ ಬಂದ ಪ್ಯಾಕೇಜಿನ ಮುಂದಿನ ಆವೃತ್ತಿಗಳು ಅಲ್ಲಿಂದಲೇ ಬರುತ್ತವೆ. ಮಿಕ್ಕವು ಇದ್ದಲ್ಲೇ ಇರುತ್ತವೆ. ಪ್ರಿಫರೆನ್ಸಸ್ ಕಡತದಲ್ಲಿ ಈ ಅಂಕಗಳನ್ನು ಕೈಯಾರೆ ತಿದ್ದಲೂಬಹುದು. 1000 ದಾಟಿಸಿದರೆ ಆಪ್ಟ್, ಇರುವ ಆವೃತ್ತಿಯನ್ನು ಕೆಳಗಿಳಿಸಿಯಾದರೂ ತಮ್ಮ ಮಾತು ನಡೆಸುತ್ತದೆ. ಇಷ್ಟು ವಿಧೇಯ ಸೇವಕನ ಮುಂದೆ ಮಾತು ಕಡಿಮೆ ಇರಲಿ.

ಕೊನೆಗೆ ಆಪ್ಟ್ ಮುಂದುವರಿಯಲೇ ಎಂದು ಕೇಳುತ್ತದೆ. ತೆಗೆದುಹಾಕುವ ಪಟ್ಟಿಯಲ್ಲಿ ತಮ್ಮ ಡೆಸ್ಕ್‌ಟಾಪ್ ಕಂಡರೆ ‘ಎನ್’ ಒತ್ತಿ. ಕರ್ನೆಲ್ ಮಾತ್ರ ಉದಾರಿ: ಹೊಸದು ಬಂದರೂ ಹಳೆಯದು ಗ್ರಬ್ ಮೆನುವಿನಲ್ಲಿ ಉಳಿದಿರುತ್ತದೆ. ವೈಫೈ ಬಂದು ಸ್ಪೀಕರ್ ಮೌನವಾದರೆ ರೀಬೂಟ್ ಮಾಡಿ, ಹಳೆಯದನ್ನೇ ಆರಿಸಿಕೊಳ್ಳಿ.