ಒಗ್ಗರಣೆಗೆ ಗಡಿ ಎಲ್ಲಿ?

ಹೆತ್ತೂರು ಕಡೆಯ ಒಂದು ಹಳ್ಳಿ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಬೋರಲು ಹಾಕಿದ ಬಾಂಡ್ಲಿಯ ಮೇಲೆ ಕೂತರೆ ಮಾತ್ರ ಎರಡು ಕಡ್ಡಿ ಬರುತ್ತದೆ. ಅಜ್ಜಿ ಅಲ್ಲಿ ಕೂತಿದ್ದಾರೆ. ಮೊಮ್ಮಗಳು ಸಿಂಚನಾ ಆರು ತಿಂಗಳ ಎಕ್ಸ್‌ಚೇಂಜ್ ಓದಿಗೆಂದು ಮ್ಯೂನಿಕ್‌ನಲ್ಲಿದ್ದಾಳೆ. ಆ ನಗರವಿರುವ ಬವೇರಿಯಾ ರಾಜ್ಯಕ್ಕೂ ಕರ್ನಾಟಕಕ್ಕೂ 2007ರಿಂದ ಸರ್ಕಾರಿ ನಂಟಿದೆ. ಆ ಕಡತದಲ್ಲಿ ಒಗ್ಗರಣೆಯ ಮಾತು ಬಂದಿರಲಾರದು.

ಅಜ್ಜಿ: ಮಗಾ, ಊರಲ್ಲಿ ಸಾರಾಯ್ತು ಕಣೇ.

ಸಿಂಚನಾ: ನಂದೂ ಸಾರಾಯ್ತಜ್ಜಿ. ಒಗ್ಗರಣೆ ಒಂದು ಬಾಕಿ.

ಅಜ್ಜಿ: ಅಯ್ಯೋ ನಿನ್ ಬಾಯಿಗಿಷ್ಟು! ಉಣ್ಣೋ ಸಾರಲ್ಲ, ಸುಗ್ಗಿ ಸಾರಿದ್ದು. ಇನ್ನು ಹಬ್ಬ ಮುಗಿಯೋಗಂಟ ಒಗ್ಗರಣೆ ಹಾಕಂಗಿಲ್ಲ, ಹಸಿಮರ ಕಡಿಯಂಗಿಲ್ಲ, ಬಾಡು ಮುಟ್ಟಂಗಿಲ್ಲ. ಮರ್ತೇಬಿಟ್ಯಾ?

ಸಿಂಚನಾ: ಮರ ಕಡಿಯಲ್ಲ ಬಿಡು. ಆದ್ರೆ ನಾಳೆ ಹಾಸ್ಟೆಲ್‌ನೋರಿಗೆ ನಮ್ಮೂರ ಹಬ್ಬದೂಟ ಹಾಕ್ತೀನಿ ಅಂದ್ಬಿಟ್ಟಿದೀನಿ. ಹನ್ನೆರಡು ಜನ. ಚಿತ್ರಾನ್ನ.

ಅಜ್ಜಿ: ಒಗ್ಗರಣೆ ಇಲ್ದೆ ಚಿತ್ರಾನ್ನ ಹೆಂಗಾದೀತೇ?

ಸಿಂಚನಾ: ಇಲ್ಲೂ ಅದೇ ಕಷ್ಟ. ಹೋದ ತಿಂಗ್ಳು ಒಣಮೆಣಸಿನಕಾಯಿ ಎಣ್ಣೆಗೆ ಬಿತ್ತೋ ಇಲ್ವೋ, ತಲೆ ಮೇಲಿನ ಹೊಗೆ ಗಂಟೆ ಹೊಡ್ಕೊಳ್ತು. ಆರು ಮಹಡಿ ಜನ ರಸ್ತೆಗಿಳಿದ್ರು, ಕೊರೆಯೋ ಚಳೀಲಿ. ಒಬ್ಬನ ತಲೆ ತುಂಬ ಶಾಂಪೂ ನೊರೆ. ನನ್ ಕೈಲಿ ಒಗ್ಗರಣೆ ಸೌಟು ಹಂಗೇ ಇತ್ತು. ಯಾರ ಕೆಲಸ ಅಂತ ಯಾರೂ ಕೇಳ್ಲೇ ಇಲ್ಲ.

ಅಜ್ಜಿ: ನೋಡ್ದಾ! ಊರಮ್ಮ ಅಲ್ಲೀಗಂಟ ಬಂದವ್ಳೆ.

ಸಿಂಚನಾ: ಊರಮ್ಮ ಅಲ್ಲಜ್ಜಿ, ಬ್ಯಾಟ್ರಿ.

ಅಜ್ಜಿ: ಯಾವುದರಲ್ಲಿ ಬರ್ಬೇಕು ಅಂತ ಅವ್ಳಿಗೆ ನೀನು ಹೇಳಿಕೊಡ್ಬ್ಯಾಡ. ಕಡುಬು ಬೇಯ್ಸು, ಕಾಯಿಹಾಲು ಮಾಡು.

ಸಿಂಚನಾ: ಕಾಯಿಹಾಲು ಡಬ್ಬೀಲೇ ಸಿಗುತ್ತೆ.

ಅಜ್ಜಿ: ಡಬ್ಬೀಲಾ? ಹಿಂಡಿದೋರ್ಯಾರು?

ಸಿಂಚನಾ: ಗೊತ್ತಿಲ್ಲ. ಊಟ ಆದ್ಮೇಲೆ ಸುಗ್ಗಿ ಕುಣಿತ ಕಲಿಸ್ತೀನಿ ಅಂದೆ. ಪಕ್ಕದ ರೂಮಿನ ಹುಡುಗ ಹೌಹಾರಿದ. ನಾಳೆ ಗುಡ್ ಫ್ರೈಡೇ. ಅವತ್ತು ಇಲ್ಲಿ ಸಾರ್ವಜನಿಕವಾಗಿ ಡ್ಯಾನ್ಸ್ ನಡೆಸಂಗಿಲ್ಲ, ಕಾನೂನೇ ಇದೆ. ನಡೆಸಿದ್ರೆ ದಂಡ.

ಅಜ್ಜಿ: ನಮ್ಮಲ್ಲಿ ತಪ್ಪುಕಾಣಿಕೆ ಕಟ್ಟಿಸಿದಂಗೆ! ಭೇಷ್, ಬಿಗಿ ಜನ. ಬಾಡು?

ಸಿಂಚನಾ: ನೇಮ ಇರೋರು ನಾಳೆ ಬಾಡು ತಿನ್ನಲ್ಲ. ಮೀನು ತಿಂತಾರೆ.

ಅಜ್ಜಿ: ಮೀನೇನು ಕೆಸವಿನ ಸೊಪ್ಪಾ?

ಸಿಂಚನಾ: ಶನಿವಾರ ಕುಣಿಯೋಣ ಅಂದ್ರೆ ರಾತ್ರಿ ಹನ್ನೆರಡರವರೆಗೂ ಇದೇ ಕಟ್ಟು. ಭಾನುವಾರ ಹಾಸ್ಟೆಲಲ್ಲಿ ಸದ್ದು ಮಾಡಂಗಿಲ್ಲ. ಸೋಮವಾರ ಈಸ್ಟರ್ ರಜೆ, ಅವತ್ತೂ ಸದ್ದಿಲ್ಲ.

ಅಜ್ಜಿ: ಹಬ್ಬ ಅಂದ್ಮೇಲೆ ಏನಾದ್ರೂ ಮಾಡ್ಬೇಕಲ್ವೇನೇ?

ಸಿಂಚನಾ: ಶನಿವಾರ ರಾತ್ರಿ ಚರ್ಚ್ ಮುಂದೆ ಬೆಂಕಿ ಹಾಕ್ತಾರೆ.

ಅಜ್ಜಿ: (ಬಾಂಡ್ಲಿಯಿಂದ ಅರ್ಧ ಎದ್ದು) ಕೆಂಡ ಹಾಯ್ತಾರಾ?

ಸಿಂಚನಾ: ಇಲ್ಲ. ಅದರಲ್ಲಿ ಮೇಣದಬತ್ತಿ ಹಚ್ಕೊಂಡು ಒಳಗೆ ಹೋಗ್ತಾರೆ.

ಅಜ್ಜಿ: ಅಷ್ಟು ಸೌದೆ ದಂಡ! ಬ್ಯಾಗ ಮುಗ್ಸು ಮಗಾ, ಆನೆ ಈ ಕಡೆ ಬಂದವೆ ಅಂತ ಮೆಸೇಜು ಬಂದೈತೆ. ಕತ್ಲಾಗೋದ್ರೊಳಗೆ ಕಣ ಬಿಡ್ಬೇಕು.

ಸಿಂಚನಾ: ಹೂಮಳೆ ಬಂತಾ? ಅಪ್ಪ ಎಲ್ಲಿ?

ಅಜ್ಜಿ: ಮಳೆ ಬಂತು. ನಿಮ್ಮಪ್ಪ ಗೊಬ್ಬರ ತರಾಕೆ ಸಕಲೇಶಪುರಕ್ಕೆ ಹೋಗವ್ನೆ.

ಸಿಂಚನಾ: ನಿನ್ನೇನೂ ಗೊಬ್ಬರಕ್ಕೇ ಹೋಗಿದ್ರಲ್ಲ?

ಅಜ್ಜಿ: ನಾಳೇನೂ ಹೋಯ್ತಾನೆ. ಸುಗ್ಗಿ ಮುಗಿಯೋಗಂಟ ದಿನಾ ಗೊಬ್ಬರವೇ. ಹೋಟ್ಲಲ್ಲಿ ಮಸಾಲೆದೋಸೆ ತಿಂದು, ಬಾಯಿ ಒರೆಸ್ಕೊಂಡು ಬತ್ತಾನೆ. ಊರ ಗಡಿ ದಾಟಿದ್ಮೇಲೆ ದೋಸೇಗೆ ದೋಷ ಇಲ್ವಂತೆ.

ಸಿಂಚನಾ: ಅಜ್ಜೀ! ನಾನು ಗಡಿ ದಾಟಿ 7 ಸಾವಿರ ಕಿಲೋಮೀಟರ್ ಆಚೆ ಇದೀನಿ!

(ಅಜ್ಜಿ ಮಾತಾಡುವುದಿಲ್ಲ. ಒಂದು ಕಡ್ಡಿ ಹೋಗಿ, ಮತ್ತೆ ಬರುತ್ತದೆ.)

ಅಜ್ಜಿ: ನೀನು ದಾಟಿದೀಯ, ಸರಿ. ಆ ಸೌಟು ಯಾರ್ದು?

ಸಿಂಚನಾ: ...ನಿಂದು.

ಅಜ್ಜಿ: ಅದಿನ್ನೂ ನಮ್ಮೂರ ಲೆಕ್ಕದಲ್ಲೇ ಐತೆ. ತೊಳೆದು ಬೋರಲಾಕು.